ಕಡಲ ಗಾಳಿಯನ್ನು ದೂರದಿಂದ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದಲ್ಲಿ ಗಾಳಿ ವಿದ್ಯುತ್ ಎಂದ ಕೂಡಲೇ ಮಾತು ಟರ್ಬೈನಿನ ಗಾತ್ರ, ಯೂನಿಟ್ಟಿನ ದರ, ಸರ್ಕಾರದ ನೆರವು ಇವುಗಳ ಸುತ್ತ ತಿರುಗುತ್ತದೆ. ಅಲ್ಲಿ ಗಾಳಿ ಎಷ್ಟಿದೆ, ಅದನ್ನು ಯಾರು ಹೇಗೆ ಅಳೆದರು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ. ಅಳತೆಗೆ ಹಾಕುವ ಹಣ ಯೋಜನೆಯ ಒಟ್ಟು ಖರ್ಚಿನಲ್ಲಿ ತೀರ ಸಣ್ಣ ಪಾಲು, ಆದರೆ ಅಳತೆ ತಪ್ಪಿದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ವಿದ್ಯಾರ್ಥಿಗಳು, ಕರಾವಳಿಯ ಗೆಳೆಯರು, ಇಂಧನ ಕ್ಷೇತ್ರದ ಎಂಜಿನಿಯರುಗಳು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಸರಳವಾದದ್ದರಿಂದ ಕಠಿಣವಾದದ್ದರ ಕಡೆಗೆ ಜೋಡಿಸಿದ್ದೇನೆ.

## ಮೊದಲ ಪ್ರಶ್ನೆಗಳು

ಗದಗ, ಚಿತ್ರದುರ್ಗದಲ್ಲಿ ಗುಡ್ಡ ನೋಡಿ ಫ್ಯಾನ್ ನಿಲ್ಲಿಸ್ತಾರೆ. ಸಮುದ್ರದಲ್ಲಿ ಎಲ್ಲಾ ಕಡೆ ಗಾಳಿ ಇರುತ್ತಲ್ಲ, ಅಳೆಯೋದು ಯಾಕೆ?

ಗುಡ್ಡದ ಮೇಲೂ ಬರೀ ನೋಡಿ ನಿಲ್ಲಿಸುವುದಿಲ್ಲ. ಮೊದಲು ಕಂಬ ನೆಟ್ಟು, ಕನಿಷ್ಠ ಒಂದು ವರ್ಷ ಗಾಳಿ ಅಳೆದು, ಆಮೇಲೆ ಜಾಗ ಗೊತ್ತು ಮಾಡುತ್ತಾರೆ. ಕಡಲಿನಲ್ಲಿ ಗುಡ್ಡ, ಮರ, ಕಟ್ಟಡಗಳ ಅಡ್ಡಿ ಇಲ್ಲ ನಿಜ. ಹಾಗೆಂದು ಗಾಳಿ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ದಡದಿಂದ 5 ಕಿ.ಮೀ. ದೂರದ ಗಾಳಿ ಬೇರೆ, 40 ಕಿ.ಮೀ. ದೂರದ್ದು ಬೇರೆ. ನೆಲದ ಒರಟುತನದ ಪ್ರಭಾವ ಕಡಲ ಮೇಲೂ ಬಹುದೂರ ಉಳಿದಿರುತ್ತದೆ, ಹಗಲು–ರಾತ್ರಿಯ ಕಡಲಗಾಳಿ ನೆಲಗಾಳಿಗಳ ಆಟ ಬೇರೆ ಇದೆ. ಇನ್ನೊಂದು ಮಾತು: ಕಡಲ ತಳಕ್ಕೆ ಉಕ್ಕಿನ ಕಂಬ ಬಡಿದು, ನೀರಿನಡಿ ಕೇಬಲ್ ಎಳೆದ ಮೇಲೆ ಜಾಗ ಬದಲಿಸುವ ಅವಕಾಶವೇ ಇರುವುದಿಲ್ಲ.

ಗಾಳಿ ವೇಗ ಅರ್ಧ ಮೀಟರ್ ಆಚೀಚೆ ಆದರೆ ಅಂಥಾದ್ದೇನು ನಷ್ಟ?

ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಸೆಕೆಂಡಿಗೆ 7.5 ಮೀಟರ್ ಇದ್ದದ್ದು 8 ಮೀಟರ್ ಆದರೆ ಹೆಚ್ಚಳ ಶೇ 7ಕ್ಕೂ ಕಡಿಮೆ, ಶಕ್ತಿಯ ಹೆಚ್ಚಳ ಮಾತ್ರ ಶೇ 21. ಟರ್ಬೈನ್ ಒಂದು ವೇಗ ದಾಟಿದ ಮೇಲೆ ತನ್ನ ಪೂರ್ಣ ಸಾಮರ್ಥ್ಯಕ್ಕೇ ನಿಂತುಬಿಡುವುದರಿಂದ ವರ್ಷದ ಉತ್ಪಾದನೆಯಲ್ಲಿ ಕಾಣುವ ವ್ಯತ್ಯಾಸ ಅದರ ಅರ್ಧದ ಆಸುಪಾಸು. ಹಾಗಾದರೂ ಶೇ 10ರಷ್ಟು ವರಮಾನ 25 ವರ್ಷ ಕಾಲ ಬರುತ್ತದೋ ಇಲ್ಲವೋ ಎಂಬುದು ಬ್ಯಾಂಕಿಗೆ ಸಣ್ಣ ವಿಷಯವಲ್ಲ.

ಮೊಬೈಲ್ ಆ್ಯಪ್‌ನಲ್ಲೇ ಅರಬ್ಬೀ ಸಮುದ್ರದ ಗಾಳಿ ಬಣ್ಣಬಣ್ಣವಾಗಿ ಕಾಣುತ್ತೆ. ಅದು ಸಾಲದೇ?

ಆ್ಯಪ್ ತೋರಿಸುವುದು ಕಂಪ್ಯೂಟರ್ ಮಾದರಿಯ ಲೆಕ್ಕವನ್ನು. ಹವಾಮಾನ ಮಾದರಿ ಭೂಮಿಯನ್ನು ಚೌಕಗಳಾಗಿ ಸೀಳಿ, ಒಂದೊಂದು ಚೌಕಕ್ಕೆ ಒಂದೊಂದು ಅಂಕಿ ಕೊಡುತ್ತದೆ. ಸಂಶೋಧಕರು ಹೆಚ್ಚು ಬಳಸುವ ಯುರೋಪಿನ ಇಆರ್‌ಎ5 ಎಂಬ ಮರುವಿಶ್ಲೇಷಣೆಯಲ್ಲಿ (ಹಳೆಯ ಅಳತೆಗಳನ್ನು ಮಾದರಿಗೆ ಊಡಿಸಿ ಹಿಂದಿನ ಹವಾಮಾನವನ್ನು ಮತ್ತೆ ಲೆಕ್ಕ ಹಾಕಿದ ದಾಖಲೆ) ಆ ಚೌಕ ಸುಮಾರು 31 ಕಿ.ಮೀ. ಅಗಲ. 1940ರಿಂದ ಇಲ್ಲಿಯವರೆಗೆ ಗಂಟೆಗಂಟೆಯ ಗಾಳಿ ಅದರಲ್ಲಿದೆ, ಅದು ದೊಡ್ಡ ಸಂಪತ್ತು. ಆದರೆ ದಡದ ಹತ್ತಿರದ ಒಂದು ಚೌಕದಲ್ಲಿ ಅರ್ಧ ನೆಲ ಅರ್ಧ ನೀರು ಇದ್ದರೆ ಬರುವ ಉತ್ತರ ಎರಡಕ್ಕೂ ಸರಿಹೊಂದುವುದಿಲ್ಲ. ಡೆನ್ಮಾರ್ಕ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ವಿಶ್ವಬ್ಯಾಂಕ್ ಸೇರಿ ರೂಪಿಸಿದ ಗ್ಲೋಬಲ್ ವಿಂಡ್ ಅಟ್ಲಾಸ್ ಇನ್ನೂ ಸೂಕ್ಷ್ಮ, 250 ಮೀಟರಿನ ಚೌಕಗಳದ್ದು. ಜಾಗ ಹುಡುಕಲು ಇವೆಲ್ಲ ಬೇಕು. ಹುಡುಕಿದ ಜಾಗದಲ್ಲಿ ಹಣ ಹೂಡಲು ಅಲ್ಲೇ ಅಳೆದ ಅಂಕಿ ಬೇಕು.

ಹಾಗಾದ್ರೆ ನೆಲದ ಮೇಲೆ ಮಾಡೋ ಹಾಗೆ ಕಂಬ ನೆಟ್ಟು ಅಳೆದರೆ ಮುಗೀತಲ್ಲ?

ಮಾಡಿದ್ದಾರೆ. ಜರ್ಮನಿ ಉತ್ತರ ಸಮುದ್ರದಲ್ಲಿ ಬೋರ್ಕುಮ್ ದ್ವೀಪದಿಂದ ಸುಮಾರು 45 ಕಿ.ಮೀ. ದೂರಕ್ಕೆ ಫಿನೋ1 ಎಂಬ ಸಂಶೋಧನಾ ವೇದಿಕೆ ನಿಲ್ಲಿಸಿ, ಸುಮಾರು 100 ಮೀಟರ್ ಎತ್ತರದವರೆಗೆ 2003ರಿಂದ ಗಾಳಿ ಅಳೆಯುತ್ತ ಬಂದಿದೆ. ಕಡಲ ಗಾಳಿಯ ಬಗ್ಗೆ ಇಂದು ನಮಗಿರುವ ತಿಳಿವಿನ ದೊಡ್ಡ ಪಾಲು ಇಂಥ ಕಂಬಗಳ ಕೊಡುಗೆ. ತೊಂದರೆ ಎರಡು. ಕಡಲ ತಳಕ್ಕೆ ಅಡಿಪಾಯ ಹಾಕಿ ಅಂಥ ಕಂಬ ನಿಲ್ಲಿಸುವ ಖರ್ಚು ವಿಪರೀತ. ಮತ್ತೆ, ಟರ್ಬೈನುಗಳು ಕಂಬವನ್ನು ಮೀರಿ ಬೆಳೆದುಬಿಟ್ಟವು. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಜಗತ್ತಿನ ಮೊದಲ ಕಡಲ ಗಾಳಿ ಸ್ಥಾವರ ಶುರುವಾದಾಗ ಒಂದೊಂದು ಯಂತ್ರ 450 ಕಿಲೋವ್ಯಾಟಿನದು. ಇಂದಿನ 15 ಮೆಗಾವ್ಯಾಟ್ ಯಂತ್ರದ ಚಕ್ರದ ವ್ಯಾಸವೇ 236 ಮೀಟರ್, ರೆಕ್ಕೆಯ ತುದಿ ನೀರಿನಿಂದ 260 ಮೀಟರಿಗೂ ಮೇಲಕ್ಕೆ ಹೋಗುತ್ತದೆ. ಅಷ್ಟೆತ್ತರದ ಕಂಬವನ್ನು ಅಳತೆಗೆಂದೇ ಕಡಲಲ್ಲಿ ನಿಲ್ಲಿಸುವವರಿಲ್ಲ. ಆ ಎತ್ತರಕ್ಕೆ ಬೆಳಕನ್ನು ಕಳಿಸುವುದು ಸುಲಭ.

## ಉಪಕರಣಗಳ ಬಗ್ಗೆ

ಲೈಡಾರ್ ಅಂದರೆ ಏನು? ಕಣ್ಣಿಗೆ ಕಾಣದ ಗಾಳಿ ಬೆಳಕಿಗೆ ಹೇಗೆ ಸಿಗುತ್ತೆ?

ಬೆಳಕಿಗೆ ಸಿಗುವುದು ಗಾಳಿಯ ಜತೆ ತೇಲುವ ಕಣಗಳು: ಧೂಳು, ಉಪ್ಪಿನ ಸೂಕ್ಷ್ಮ ಹರಳು, ಹೊಗೆ. ಲೈಡಾರ್ ಅವುಗಳ ಮೇಲೆ ಲೇಸರ್ ಬಿಡುತ್ತದೆ, ಅದರಲ್ಲಿ ಅತ್ಯಲ್ಪ ಭಾಗ ಚದುರಿ ಹಿಂದಿರುಗುತ್ತದೆ. ನಮ್ಮತ್ತ ಬರುವ ರೈಲಿನ ಸಿಳ್ಳೆ ಏರುದನಿಯಲ್ಲೂ ದೂರ ಹೋಗುವ ರೈಲಿನ ಸಿಳ್ಳೆ ಇಳಿದನಿಯಲ್ಲೂ ಕೇಳುವಂತೆ, ಕಣ ಹತ್ತಿರ ಬರುತ್ತಿದ್ದರೆ ಹಿಂದಿರುಗಿದ ಬೆಳಕಿನ ಆವರ್ತನ ತುಸು ಹೆಚ್ಚಿರುತ್ತದೆ, ದೂರ ಸರಿಯುತ್ತಿದ್ದರೆ ತುಸು ಕಡಿಮೆ. ಈ ಡಾಪ್ಲರ್ ಬದಲಾವಣೆಯೇ ವೇಗದ ಅಳತೆ.

ಅದು ಎಷ್ಟು ಸೂಕ್ಷ್ಮ ಎಂದು ನೋಡಿ. ಗಾಳಿಗೆ ಬಳಸುವ ಲೈಡಾರುಗಳ ಬೆಳಕು ಸುಮಾರು 1.5 ಮೈಕ್ರೋಮೀಟರ್ ತರಂಗಾಂತರದ್ದು, ಸೆಕೆಂಡಿಗೆ ಸುಮಾರು 195 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಗಾಳಿಯ ವೇಗ ಸೆಕೆಂಡಿಗೆ ಒಂದು ಮೀಟರ್ ಬದಲಾದರೆ ಈ ಅಗಾಧ ಸಂಖ್ಯೆ ಬದಲಾಗುವುದು ಬರೀ 13 ಲಕ್ಷದಷ್ಟು. ನೇರವಾಗಿ ಎಣಿಸಲು ಸಾಧ್ಯವೇ ಇಲ್ಲ. ಹಾಗಾಗಿ ಹಿಂದಿರುಗಿದ ಬೆಳಕನ್ನು ಮೂಲ ಲೇಸರಿನ ಒಂದು ಎಳೆಯ ಜತೆ ಬೆರೆಸುತ್ತಾರೆ. ಎರಡರ ವ್ಯತ್ಯಾಸ ಮಾತ್ರ ವಿದ್ಯುತ್ ಸಂಕೇತವಾಗಿ ಉಳಿಯುತ್ತದೆ, ಅದನ್ನು ಅಳೆಯುವುದು ಸಾಮಾನ್ಯ ಎಲೆಕ್ಟ್ರಾನಿಕ್ಸಿನ ಕೆಲಸ. ಈ ಉಪಾಯದ ಅಂದ ನನಗೆ ಇಂದಿಗೂ ಹಳತಾಗಿಲ್ಲ.

ಮೇಲಕ್ಕೆ ನೋಡೋ ಯಂತ್ರಕ್ಕೆ ಅಡ್ಡಲಾಗಿ ಬೀಸೋ ಗಾಳಿ ಹೇಗೆ ಗೊತ್ತಾಗುತ್ತೆ?

ನೇರ ಮೇಲಕ್ಕೆ ಮಾತ್ರ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಕಿರಣವನ್ನು 28–30 ಡಿಗ್ರಿ ಓರೆ ಮಾಡಿ ನಾಲ್ಕು ದಿಕ್ಕಿಗೆ ಸರದಿಯಂತೆ ಬಿಡುತ್ತಾರೆ, ಇಲ್ಲವೇ ಶಂಕುವಿನ ಆಕಾರದಲ್ಲಿ ಸುತ್ತಿಸುತ್ತಾರೆ. ಎದುರು ಬದುರು ಕಿರಣಗಳಲ್ಲಿ ಕಂಡ ವೇಗಗಳ ವ್ಯತ್ಯಾಸದಿಂದ ಅಡ್ಡಗಾಳಿಯ ವೇಗ, ದಿಕ್ಕು ಎರಡೂ ಸಿಗುತ್ತವೆ. ಇಲ್ಲೊಂದು ಊಹೆ ಅಡಗಿದೆ. 100 ಮೀಟರ್ ಎತ್ತರದಲ್ಲಿ ಆ ಕಿರಣಗಳ ನಡುವಿನ ಅಂತರ ಸುಮಾರು 106 ಮೀಟರ್, 200 ಮೀಟರಿನಲ್ಲಿ 212. ಅಷ್ಟಗಲಕ್ಕೂ ಗಾಳಿ ಒಂದೇ ಸಮ ಇದೆ ಎಂದು ಲೈಡಾರ್ ನಂಬುತ್ತದೆ. ಮಲೆನಾಡಿನ ಕಣಿವೆಯಲ್ಲಿ ಈ ನಂಬಿಕೆ ಕೈಕೊಡುತ್ತದೆ, ಸಪಾಟಾದ ಕಡಲ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಕಡಲಿಗೂ ಲೈಡಾರಿಗೂ ಹೊಂದಿಕೆ ಆಗುವುದು ಇದರಿಂದಲೇ.

ಆ ಲೇಸರ್‌ನಿಂದ ಮೀನಿಗೆ, ದೋಣಿಯವರ ಕಣ್ಣಿಗೆ ತೊಂದರೆ ಇಲ್ವಾ?

ಇಲ್ಲ. ಈ ತರಂಗಾಂತರದ ಬೆಳಕು ಕಣ್ಣಿನ ಮುಂಭಾಗದಲ್ಲೇ ಹೀರಿಹೋಗುತ್ತದೆ, ಅಕ್ಷಿಪಟಲ ತಲುಪುವುದಿಲ್ಲ. ಶಕ್ತಿಯೂ ಕಡಿಮೆ, ಉಪಕರಣಗಳು ಕಣ್ಣಿಗೆ ಸುರಕ್ಷಿತವೆಂಬ ವರ್ಗಕ್ಕೆ ಸೇರಿದವು. ಕಿರಣ ಹೋಗುವುದು ಆಕಾಶಕ್ಕೆ, ನೀರಿಗಲ್ಲ. ಕೆಲವು ಲೈಡಾರುಗಳನ್ನು ಕಡಲಲ್ಲಿ ಲಂಗರು ಹಾಕಿದ ತೇಲುವ ವೇದಿಕೆಯ ಮೇಲೆ ಇಡುತ್ತಾರೆ. ಮೀನುಗಾರರು ಗಮನಿಸಬೇಕಾದದ್ದು ಆ ಲಂಗರಿನ ಸರಪಳಿಯನ್ನು. ಬಲೆ ಅದಕ್ಕೆ ಸಿಕ್ಕಿಕೊಂಡರೆ ಇಬ್ಬರಿಗೂ ನಷ್ಟ. ಅದನ್ನು ಎಲ್ಲಿ ಇಡುತ್ತೇವೆ ಎಂದು ಸುತ್ತಲಿನ ಬಂದರುಗಳ ಮೀನುಗಾರರಿಗೆ ಮೊದಲೇ ತಿಳಿಸುವುದು ಅಳೆಯುವವರ ಕರ್ತವ್ಯ.

ಶಬ್ದದಿಂದ ಅಳೆಯೋ ಸೋಡಾರ್ ಅಗ್ಗ ಅಲ್ವಾ?

ನೆಲದ ಮೇಲೆ ಅದಕ್ಕೆ ಜಾಗವಿದೆ. ಕಡಲಲ್ಲಿ ಅಲೆಯ ಮೊರೆತ, ವೇದಿಕೆಯ ಕಂಬಿಗಳಿಗೆ ಬಡಿಯುವ ಗಾಳಿಯ ಸದ್ದು ಅದರ ಕಿವಿ ಮುಚ್ಚುತ್ತವೆ. ಜೋರು ಗಾಳಿಯಲ್ಲಿ, ಅಂದರೆ ಅಳತೆ ಅತಿ ಮುಖ್ಯವಾದ ಹೊತ್ತಿನಲ್ಲೇ, ಅದರ ದತ್ತಾಂಶ ತಪ್ಪಿಹೋಗುತ್ತದೆ.

ಅಲೆ ಮೇಲೆ ಕುಣಿಯೋ ಲೈಡಾರ್ ಕೊಟ್ಟ ಅಂಕಿಯನ್ನ ನಂಬೋದು ಹೇಗೆ?

ಇದು ಎಲ್ಲರಿಗಿಂತ ಮೊದಲು ಬ್ಯಾಂಕಿನವರಿಗೆ ಹುಟ್ಟಿದ ಅನುಮಾನ. ತೇಲುವ ವೇದಿಕೆ ಓಲಾಡುತ್ತದೆ, ಏರಿಳಿಯುತ್ತದೆ, ತಿರುಗುತ್ತದೆ. ಆದರೆ ಗಾಳಿ ಸಂಪನ್ಮೂಲಕ್ಕೆ ಬೇಕಾದದ್ದು 10 ನಿಮಿಷದ ಸರಾಸರಿ. ಅಲೆಯ ಓಲಾಟ ಕೆಲವೇ ಸೆಕೆಂಡಿನದು, ಒಂದು ಬದಿಯ ತಪ್ಪನ್ನು ಇನ್ನೊಂದು ಬದಿಯ ತಪ್ಪು ಬಹುಪಾಲು ಅಳಿಸಿಹಾಕುತ್ತದೆ. 5 ಡಿಗ್ರಿ ವಾಲಿದರೂ ಅಳೆಯುವ ಎತ್ತರ ಕುಗ್ಗುವುದು ಶೇ ಅರ್ಧಕ್ಕಿಂತ ಕಡಿಮೆ. ಸರಾಸರಿ ವೇಗ ಚೆನ್ನಾಗಿಯೇ ಸಿಗುತ್ತದೆ. ಕೆಡುವುದು ಗಾಳಿಯ ತುಯ್ದಾಟದ, ಅಂದರೆ ಕ್ಷಣಕ್ಷಣಕ್ಕೂ ವೇಗ ಏರಿಳಿಯುವುದರ ಅಳತೆ, ವೇದಿಕೆಯ ಕುಣಿತವೂ ಅದಕ್ಕೆ ಸೇರಿಕೊಳ್ಳುತ್ತದೆ.

ನಂಬಿಕೆ ಹುಟ್ಟಿದ್ದು ಬಾಯಿಮಾತಿನಿಂದಲ್ಲ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ 2013ರಲ್ಲಿ ತೇಲುವ ಲೈಡಾರಿಗೆ ಒಂದು ಮಾರ್ಗಸೂಚಿ ಹೊರತಂದಿತು, 2018ರಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ ಪ್ರತಿ ಮಾದರಿಯೂ ಕಡಲಲ್ಲಿ ನಂಬಲರ್ಹ ಕಂಬದ ಪಕ್ಕ ತಿಂಗಳುಗಟ್ಟಲೆ ನಿಂತು ಪರೀಕ್ಷೆ ಪಾಸಾಗಬೇಕು. ಎರಡರ ವೇಗಗಳನ್ನು ಹೋಲಿಸಿ ಎಳೆದ ಗೆರೆಯ ಇಳಿಜಾರು 0.98ರಿಂದ 1.02ರ ಒಳಗಿದ್ದರೆ (1 ಎಂದರೆ ಎರಡೂ ಸರಿಸಮ) ಉತ್ತಮ ದರ್ಜೆ. ನನ್ನ ಸಲಹೆ ಇಷ್ಟೇ: ಯಾರಾದರೂ ತೇಲುವ ಲೈಡಾರಿನ ವರದಿ ಮುಂದಿಟ್ಟರೆ ಮೊದಲು ಆ ಹೋಲಿಕೆಯ ಹಾಳೆ ಕೇಳಿ. ಅದೇ ಮಾದರಿಯ ಬೇರೆ ಯಂತ್ರದ್ದು ಸಾಲದು, ನಿಮ್ಮ ಕಡಲಿಗೆ ಬಂದ ಅದೇ ಯಂತ್ರದ್ದು ಬೇಕು.

ದಡದ ಮೇಲೆ ಕೂತೇ ಕಡಲ ಗಾಳಿ ಅಳೆಯೋಕಾಗಲ್ವಾ?

ಸ್ವಲ್ಪ ದೂರದವರೆಗೆ ಆಗುತ್ತದೆ. ಸ್ಕ್ಯಾನಿಂಗ್ ಲೈಡಾರ್ ತನ್ನ ಕಿರಣವನ್ನು ಬೇಕಾದ ದಿಕ್ಕಿಗೆ ತಿರುಗಿಸಬಲ್ಲದು. ದಡದಲ್ಲಿ ಕೆಲವು ಕಿ.ಮೀ. ಅಂತರದಲ್ಲಿ ಅಂಥ ಎರಡನ್ನಿಟ್ಟು, ಎರಡರ ಕಿರಣವೂ ಕಡಲ ಮೇಲಿನ ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡಿದರೆ ಅಲ್ಲಿನ ಗಾಳಿಯ ವೇಗ, ದಿಕ್ಕು ಸಿಗುತ್ತವೆ. ಡೆನ್ಮಾರ್ಕಿನ ಪಶ್ಚಿಮ ತೀರದಲ್ಲಿ 2015–16ರಲ್ಲಿ ನಡೆದ ರೂನ್ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಹತ್ತು ಕಿ.ಮೀ. ಆಸುಪಾಸಿನ ಯೋಜನೆಗಳಿಗೆ ಇದು ಒಳ್ಳೆಯ ದಾರಿ, ಉಪಕರಣ ಕೆಟ್ಟರೆ ದೋಣಿ ಬಾಡಿಗೆಗೆ ಹಿಡಿಯಬೇಕಿಲ್ಲ. ಇನ್ನೂ ದೂರದ ಕಡಲಿಗೆ ಕಿರಣದ ಶಕ್ತಿ ಸಾಲುವುದಿಲ್ಲ.

## ಉಪಗ್ರಹಗಳು

ಉಪಗ್ರಹ ನೂರಾರು ಕಿಲೋಮೀಟರ್ ಮೇಲಿಂದ ಗಾಳಿಯನ್ನ ಹೇಗೆ ನೋಡುತ್ತೆ?

ಅದು ನೋಡುವುದು ನೀರನ್ನು. ಗಾಳಿ ಬೀಸಿದಾಗ ಕಡಲ ಮೈಮೇಲೆ ಕೆಲವೇ ಸೆಂಟಿಮೀಟರಿನ ಸಣ್ಣ ತರೆಗಳು ಏಳುತ್ತವೆ. ಉಪಗ್ರಹದ ಸ್ಕ್ಯಾಟರೋಮೀಟರ್ ಅದೇ ಅಳತೆಯ ತರಂಗಾಂತರದ ಮೈಕ್ರೋವೇವನ್ನು ಓರೆಯಾಗಿ ಕಳಿಸುತ್ತದೆ. ನೀರು ನಯವಾಗಿದ್ದರೆ ಆ ಮೈಕ್ರೋವೇವ್ ಆಚೆಗೆ ಜಾರಿಹೋಗುತ್ತದೆ, ತರೆ ಎದ್ದಿದ್ದರೆ ಹೆಚ್ಚು ಪಾಲು ಹಿಂದಿರುಗುತ್ತದೆ. ಬೇರೆ ಬೇರೆ ಕೋನಗಳಿಂದ ನೋಡಿ ದಿಕ್ಕನ್ನೂ ಗುರುತಿಸುತ್ತದೆ. ಸಿಗುವುದು ನೀರಿನಿಂದ 10 ಮೀಟರ್ ಎತ್ತರದ ಗಾಳಿ. ದಡದ ಹತ್ತಿರದ 20–30 ಕಿ.ಮೀ. ಪಟ್ಟಿಯಲ್ಲಿ ನೆಲದ ಪ್ರತಿಧ್ವನಿ ಬೆರೆತು ಅಳತೆ ಕೆಡುತ್ತದೆ, ಗಾಳಿ ಸ್ಥಾವರ ಬರುವುದು ಹೆಚ್ಚಾಗಿ ಆ ಪಟ್ಟಿಯಲ್ಲೇ.

ಆ ಕೊರತೆ ತುಂಬಲು, ಕಡಲ ಮೈಯ ಸೂಕ್ಷ್ಮ ಚಿತ್ರ ತೆಗೆಯುವ ಸಿಂಥೆಟಿಕ್ ಅಪರ್ಚರ್ ರಾಡಾರ್ ಇದೆ. ಯುರೋಪಿನ ಸೆಂಟಿನೆಲ್–1 ಚಿತ್ರಗಳಿಂದ ಸುಮಾರು ಒಂದು ಕಿ.ಮೀ. ಸೂಕ್ಷ್ಮತೆಯ ಗಾಳಿ ನಕ್ಷೆ ತೆಗೆಯಬಹುದು. ದ್ವೀಪದ ಮರೆಯಲ್ಲಿ ಗಾಳಿ ಸೊರಗುವುದು, ಭೂಶಿರದ ತುದಿಯಲ್ಲಿ ಚುರುಕಾಗುವುದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಆದರೆ ಒಂದೇ ಜಾಗದ ಚಿತ್ರ ಮತ್ತೆ ಸಿಗಲು ದಿನಗಟ್ಟಲೆ ಕಾಯಬೇಕು, ಗಾಳಿಯ ದಿಕ್ಕನ್ನು ಹವಾಮಾನ ಮಾದರಿಯಿಂದ ಕಡ ತರಬೇಕು.

ಇಸ್ರೋ ಉಪಗ್ರಹಗಳ ಮಾಹಿತಿ ಇದಕ್ಕೆ ಬರುತ್ತಾ?

ಖಂಡಿತ, ಇದನ್ನು ನಮ್ಮವರು ಇನ್ನೂ ಹೆಚ್ಚು ಬಳಸಬೇಕು. 2009ರಲ್ಲಿ ಹಾರಿದ ಓಶನ್‌ಸ್ಯಾಟ್–2ರಲ್ಲಿ ಸ್ಕ್ಯಾಟರೋಮೀಟರ್ ಇತ್ತು. ಆಮೇಲೆ 2016ರಲ್ಲಿ ಸ್ಕ್ಯಾಟ್‌ಸ್ಯಾಟ್–1, 2022ರ ನವೆಂಬರಿನಲ್ಲಿ ಓಶನ್‌ಸ್ಯಾಟ್–3 ಎಂದು ಕರೆಯುವ ಇಒಎಸ್–06 ಅದೇ ಕೆಲಸಕ್ಕೆ ಬಂದವು. ದತ್ತಾಂಶ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಮೋಸ್ಡ್ಯಾಕ್ ತಾಣದಲ್ಲಿ ಸಿಗುತ್ತದೆ. ಒಂದು ಎಚ್ಚರಿಕೆ: ಇವು ಬಳಸುವುದು ಮೈಕ್ರೋವೇವಿನ ಗಿಡ್ಡ ತರಂಗಾಂತರದ ಕೆಯು ಬ್ಯಾಂಡ್. ಯುರೋಪಿನ ಮೆಟ್‌ಆಪ್ ಉಪಗ್ರಹಗಳ ಆಸ್ಕ್ಯಾಟ್ ಬಳಸುವ ಸಿ ಬ್ಯಾಂಡಿಗಿಂತ ಇದರ ಮೇಲೆ ಮಳೆಹನಿಯ ಪ್ರಭಾವ ಹೆಚ್ಚು. ಮುಂಗಾರಿನ ತಿಂಗಳುಗಳ ದತ್ತಾಂಶವನ್ನು ಮಳೆಯ ಗುರುತು (ಈ ಅಂಕಿಯಲ್ಲಿ ಮಳೆ ಬೆರೆತಿರಬಹುದು ಎಂದು ದತ್ತಾಂಶದಲ್ಲೇ ಹಾಕಿರುವ ಸೂಚನೆ) ನೋಡಿ ಸೋಸಿಕೊಂಡೇ ಬಳಸಬೇಕು.

10 ಮೀಟರ್ ಎತ್ತರದ ಗಾಳಿ ಗೊತ್ತಾದ್ರೆ 150 ಮೀಟರ್‌ಗೆ ಸೂತ್ರ ಹಾಕಿದ್ರಾಯ್ತಲ್ಲ?

ಸೂತ್ರವಿದೆ: ಎರಡು ಎತ್ತರಗಳ ಅನುಪಾತವನ್ನು ಒಂದು ಘಾತಾಂಕಕ್ಕೆ ಏರಿಸಿ, ಬಂದದ್ದರಿಂದ ಕೆಳಗಿನ ವೇಗವನ್ನು ಗುಣಿಸುವುದು. ಆ ಘಾತಾಂಕ ಮಾತ್ರ ಸ್ಥಿರವಲ್ಲ. ಲೆಕ್ಕ ಮಾಡಿ ನೋಡೋಣ. 10 ಮೀಟರಿನಲ್ಲಿ ಗಾಳಿ ಸೆಕೆಂಡಿಗೆ 6 ಮೀಟರ್ ಇರಲಿ. ಘಾತಾಂಕ 0.10 ಎಂದುಕೊಂಡರೆ 150 ಮೀಟರಿನಲ್ಲಿ ವೇಗ 7.9. ಅದೇ 0.14 ಎಂದುಕೊಂಡರೆ 8.8. ಎರಡೂ ಕಡಲಿನ ಮೇಲೆ ಕಾಣಸಿಗುವ ಬೆಲೆಗಳೇ. ಶಕ್ತಿಯ ಲೆಕ್ಕದಲ್ಲಿ ವ್ಯತ್ಯಾಸ ಶೇ 38! ಇಷ್ಟು ದೊಡ್ಡ ಅಂತರವನ್ನು ಒಬ್ಬ ಎಂಜಿನಿಯರನ ಆಯ್ಕೆಗೆ ಬಿಡುವುದು ಸರಿಯಲ್ಲ. ಎಲ್ಲೆಲ್ಲಿ ಗಾಳಿ ಹೆಚ್ಚು, ಎಲ್ಲಿ ಕಡಿಮೆ ಎಂಬ ನಕ್ಷೆ ಉಪಗ್ರಹದಿಂದ ಬರಲಿ, ಎತ್ತರಕ್ಕೆ ತಕ್ಕಂತೆ ಎಷ್ಟು ಏರುತ್ತದೆ ಎಂಬುದು ಲೈಡಾರಿನಿಂದಲೇ ಬರಬೇಕು.

ಉಪಗ್ರಹದಲ್ಲೇ ಲೈಡಾರ್ ಇಟ್ಟುಬಿಟ್ರೆ?

ಯುರೋಪಿನ ಬಾಹ್ಯಾಕಾಶ ಸಂಸ್ಥೆ 2018ರಲ್ಲಿ ಇಯೋಲಸ್ ಎಂಬ ಉಪಗ್ರಹದಲ್ಲಿ ಇಟ್ಟಿತು, 2023ರವರೆಗೆ ಅದು ಕೆಲಸ ಮಾಡಿತು. ಹವಾಮಾನ ಮುನ್ಸೂಚನೆಗೆ ಬಹಳ ಉಪಕಾರವಾಯಿತು. ಆದರೆ ಅದರ ಅಳತೆ ಎತ್ತರದಲ್ಲಿ ನೂರಾರು ಮೀಟರ್, ಉದ್ದದಲ್ಲಿ ಹತ್ತಾರು ಕಿ.ಮೀ.ಗಳ ಸರಾಸರಿ. ಟರ್ಬೈನಿನ ಲೆಕ್ಕಕ್ಕೆ ಅದು ತೀರ ದಪ್ಪ ಅಳತೆ.

## ನಮ್ಮ ಕಡಲು

ಭಾರತದಲ್ಲಿ ಇದನ್ನ ಯಾರಾದ್ರೂ ಮಾಡಿದಾರಾ?

ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಮಾಡಿದೆ. 2015ರ ರಾಷ್ಟ್ರೀಯ ಕಡಲ ಪವನ ಶಕ್ತಿ ನೀತಿ ಈ ಸಂಸ್ಥೆಗೇ ಹೊಣೆ ಒಪ್ಪಿಸಿತು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ, ಪೀಪಾವಾವ್ ಬಂದರಿನಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಕಡಲ ತಳಕ್ಕೆ ಒಂದೇ ಉಕ್ಕಿನ ಕಂಬ ಬಡಿದು ವೇದಿಕೆ ಕಟ್ಟಿ 2017ರ ನವೆಂಬರಿನಲ್ಲಿ ಲೈಡಾರ್ ಚಾಲೂ ಮಾಡಿತು. ದೇಶದ ಕಡಲಲ್ಲಿ ಅದೇ ಮೊದಲನೆಯದು. ಅಲ್ಲಿ ಸ್ಥಿರ ವೇದಿಕೆಗೆ ಬೆಲೆಯಿದೆ: ಕೊಲ್ಲಿಯ ಒಳಭಾಗದಲ್ಲಿ, ಭಾವನಗರದ ಕಡೆ, ಉಬ್ಬರ ಇಳಿತದ ಅಂತರ 10 ಮೀಟರಿನಷ್ಟಿದೆ, ಇಡೀ ಕೊಲ್ಲಿಯಲ್ಲಿ ನೀರಿನ ಸೆಳೆತ ಜೋರು. ತೇಲುವ ಉಪಕರಣವಾದರೆ ನೀರಿನ ಜತೆ ತಾನೂ ಏರಿಳಿಯುತ್ತದೆ, ಸ್ಥಿರ ವೇದಿಕೆಯಾದರೆ ನೀರು ಮಾತ್ರ ಏರಿಳಿಯುತ್ತದೆ. ಎತ್ತರವನ್ನು ಯಾವ ಮಟ್ಟದಿಂದ ಎಣಿಸಿದ್ದಾರೆ ಎಂದು ವರದಿಯಲ್ಲಿ ನೋಡಿಕೊಳ್ಳಬೇಕು.

ತಮಿಳುನಾಡಿನಲ್ಲಿ ಧನುಷ್ಕೋಟಿಯ ಮರಳ ಮೇಲೆ 100 ಮೀಟರಿನ ಮಾಪನ ಕಂಬ ನಿಲ್ಲಿಸಿದ್ದರು. ಗುಜರಾತ್, ತಮಿಳುನಾಡು ಎರಡರಲ್ಲೂ ಎಂಟೆಂಟು ವಲಯಗಳನ್ನು ಗುರುತಿಸಲಾಗಿದೆ. 2024ರ ಜೂನಿನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ನೆರವಿನ ಯೋಜನೆಗೆ ಒಪ್ಪಿತು, ಎರಡೂ ರಾಜ್ಯಗಳ ಕಡಲಲ್ಲಿ 500 ಮೆಗಾವ್ಯಾಟ್‌ನಂತೆ ಒಂದು ಗಿಗಾವ್ಯಾಟ್ ಗುರಿ. ಖಂಭಾತಿನ ಲೈಡಾರ್ ದತ್ತಾಂಶವನ್ನು ಸಾರ್ವಜನಿಕವಾಗಿ ಹಂಚಿಕೊಂಡದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಜನರ ಹಣದಲ್ಲಿ ಅಳೆದ ಗಾಳಿ ಜನರಿಗೆ ಸಿಗಬೇಕು, ಹೊಸ ವಲಯಗಳಲ್ಲೂ ಇದೇ ಪದ್ಧತಿ ಮುಂದುವರಿಯಬೇಕು.

ಮಳೆಗಾಲದಲ್ಲಿ ಲೈಡಾರ್ ಕೆಲಸ ಮಾಡುತ್ತಾ?

ಮಾಡುತ್ತದೆ, ಆದರೆ ನಮ್ಮ ಕಡಲಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಮಳೆ ಲೈಡಾರಿಗೆ ಹಲವು ಬಗೆಯಲ್ಲಿ ತೊಡಕು. ಬೀಳುವ ಹನಿಯ ಇಳಿವೇಗ ಅಳತೆಯೊಳಗೆ ನುಗ್ಗುತ್ತದೆ, ಮೇಲಕ್ಕೆ ಕೆಳಕ್ಕೆ ಚಲಿಸುವ ಗಾಳಿಯ ಅಂಕಿ ಪೂರ್ತಿ ಕೆಡುತ್ತದೆ. ಕೆಳಮಟ್ಟದ ಮೋಡ, ಮಂಜು ಕಿರಣವನ್ನು ತಡೆಯುತ್ತವೆ. ಜೋರು ಮಳೆ ಸುರಿದು ನಿಂತ ಮೇಲೆ ಗಾಳಿ ತೊಳೆದಂತೆ ಶುಭ್ರವಾಗಿ, ಚದುರಿಸಲು ಕಣಗಳೇ ಕಡಿಮೆಯಾಗಿ, ಎತ್ತರದ ಅಳತೆಗಳು ಬಿಟ್ಟುಹೋಗುತ್ತವೆ.

ಇವೆಲ್ಲಕ್ಕಿಂತ ದೊಡ್ಡದು ರಿಪೇರಿಯ ತೊಡಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಕೆರಳಿರುತ್ತದೆ, ಸಣ್ಣ ದೋಣಿ ವೇದಿಕೆಯ ಹತ್ತಿರ ಹೋಗುವಂತಿಲ್ಲ. ಸೌರಫಲಕದ ಮೇಲೆ ದಿನಗಟ್ಟಲೆ ಮೋಡ. ಜೂನಿನಲ್ಲಿ ಬ್ಯಾಟರಿ ಕೈಕೊಟ್ಟರೆ ಅಕ್ಟೋಬರಿನವರೆಗೆ ದತ್ತಾಂಶ ಇಲ್ಲ. ವರ್ಷದಲ್ಲಿ ಶೇ 80ರಷ್ಟು ದತ್ತಾಂಶ ಸಿಕ್ಕಿದೆ ಎಂಬ ವಾಕ್ಯ ಓದಲು ಚೆನ್ನಾಗಿರುತ್ತದೆ. ಆದರೆ ತಪ್ಪಿದ ಶೇ 20 ಗಾಳಿ ಅತಿ ಜೋರಾಗಿರುವ ತಿಂಗಳುಗಳದ್ದೇ ಆದರೆ ವಾರ್ಷಿಕ ಸರಾಸರಿ ಕೆಳಕ್ಕೆ ಬೀಳುತ್ತದೆ, ಯೋಜನೆ ಲಾಭವಿಲ್ಲದ್ದೆಂದು ಕಾಣುತ್ತದೆ. ಶಾಂತ ತಿಂಗಳುಗಳು ತಪ್ಪಿದರೆ ಇದಕ್ಕೆ ತದ್ವಿರುದ್ಧವಾದ ತಪ್ಪು ಆಗುತ್ತದೆ. ಆದ್ದರಿಂದ ತಿಂಗಳು ತಿಂಗಳ ಲಭ್ಯತೆಯ ಪಟ್ಟಿ ಇಲ್ಲದ ವರದಿಯನ್ನು ನಾನು ಒಪ್ಪುವುದಿಲ್ಲ. ಪರಿಹಾರಗಳೂ ಇವೆ: ಸೌರಶಕ್ತಿಯ ಜತೆ ಇಂಧನ ಕೋಶ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಪೂರ್ತಿ ತಪಾಸಣೆ, ಸಾಧ್ಯವಾದರೆ ಒಂದರ ಪಕ್ಕ ಎರಡನೆಯ ಲೈಡಾರ್.

ಕಾರವಾರ, ಮಂಗಳೂರು ಕಡೆ ಯಾಕೆ ಯಾರೂ ಮಾತಾಡಲ್ಲ?

ನಮ್ಮ ಕರಾವಳಿಯ ಗಾಳಿ ಮುಂಗಾರಿನ ನಾಲ್ಕು ತಿಂಗಳಲ್ಲಿ ಅಬ್ಬರಿಸಿ, ಉಳಿದ ಕಾಲ ಬಹುಪಾಲು ಮಂದವಾಗಿ ಮಧ್ಯಾಹ್ನದ ಕಡಲಗಾಳಿಗೆ ಇಳಿಯುತ್ತದೆ. ವರ್ಷದ ಸರಾಸರಿಯಲ್ಲಿ ಹಿಂದೆ ಬೀಳುತ್ತದೆ. ಕನ್ಯಾಕುಮಾರಿ, ಮನ್ನಾರ್ ಕೊಲ್ಲಿಯ ಕಥೆ ಬೇರೆ. ಪಶ್ಚಿಮ ಘಟ್ಟಗಳ ಸೆಂಗೋಟ್ಟೈ ಕಣಿವೆ, ಭೂಭಾಗದ ತುದಿ ಇವುಗಳಿಂದ ಗಾಳಿ ಇರುಕಿನಲ್ಲಿ ನುಗ್ಗಿ ವೇಗ ಪಡೆಯುತ್ತದೆ, ಮುಂಗಾರು ಹಿಂಗಾರು ಎರಡರಲ್ಲೂ ಬೀಸುತ್ತದೆ. ಸದ್ಯಕ್ಕೆ ಹಣ ಅತ್ತ ಹೋಗುವುದು ನ್ಯಾಯವೇ. ಆದರೂ ನಮ್ಮ ಕಡಲಿನ ಗಾಳಿ ನಕ್ಷೆಯನ್ನು ಉಪಗ್ರಹ ದತ್ತಾಂಶದಿಂದ ತಯಾರಿಸಲು ಖರ್ಚು ಬಹಳ ಕಡಿಮೆ, ಅದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೇ ಆಗಬಹುದಾದ ಕೆಲಸ.

ಚಂಡಮಾರುತದ ಗಾಳಿಯನ್ನೂ ಇದೇ ಅಳತೆಯಿಂದ ತಿಳಿಯಬಹುದಾ?

ಇಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತ ದಿಯು–ಉನಾ ನಡುವೆ, ಅಂದರೆ ಪೀಪಾವಾವಿಗೆ ಹೆಚ್ಚು ದೂರವಲ್ಲದ ಕಡೆ, ದಡ ಹೊಕ್ಕಿತು. ಒಂದೆರಡು ವರ್ಷದ ಲೈಡಾರ್ ಅಳತೆಯಲ್ಲಿ ಇಂಥದ್ದು ಸಿಕ್ಕರೂ ಸಿಗದಿದ್ದರೂ, ಅದರಿಂದ 50 ವರ್ಷಕ್ಕೊಮ್ಮೆ ಬರುವ ಗಾಳಿಯ ತೀರ್ಮಾನ ಮಾಡಲಾಗದು. ಅದಕ್ಕೆ ಹವಾಮಾನ ಇಲಾಖೆಯ ಹಳೆಯ ಚಂಡಮಾರುತ ಪಥಗಳ ದಾಖಲೆ, ಮಾದರಿಗಳು ಬೇಕು.

## ಲೆಕ್ಕದ ಒಳಗೆ

ಒಂದು ವರ್ಷ ಅಳೆದು 25 ವರ್ಷದ ಭರವಸೆ ಹೇಗೆ ಕೊಡ್ತಾರೆ?

ಒಂದು ವರ್ಷದ ಲೈಡಾರ್ ಅಂಕಿಗಳನ್ನು ಅದೇ ಅವಧಿಯ ಇಆರ್‌ಎ5 ಅಂಕಿಗಳ ಜತೆ ಜೋಡಿಸಿ, ಎರಡರ ನಡುವಿನ ಸಂಬಂಧವನ್ನು ದಿಕ್ಕುವಾರು, ಋತುವಾರು ಕಂಡುಹಿಡಿಯುತ್ತಾರೆ. ಆ ಸಂಬಂಧವನ್ನು ಮಾದರಿಯ ಹಿಂದಿನ 20–30 ವರ್ಷಕ್ಕೆ ಅನ್ವಯಿಸಿದರೆ ದೀರ್ಘಾವಧಿಯ ಗಾಳಿ ಸಿಗುತ್ತದೆ. ಇಲ್ಲಿ ಲೈಡಾರ್ ಆ ಜಾಗದ ಸತ್ಯ ಹೇಳುತ್ತದೆ, ಮಾದರಿ ಕಾಲದ ಸತ್ಯ ಹೇಳುತ್ತದೆ. ಮುಂಗಾರು ಒಂದು ವರ್ಷ ಬಲ, ಒಂದು ವರ್ಷ ದುರ್ಬಲ ಆಗುವ ನಮ್ಮಲ್ಲಿ ಎರಡು ಮುಂಗಾರುಗಳನ್ನಾದರೂ ಅಳೆಯುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಿ50, ಪಿ90 ಅಂತ ವರದಿಯಲ್ಲಿ ಇರುತ್ತಲ್ಲ, ಅದಕ್ಕೂ ಲೈಡಾರ್‌ಗೂ ಏನು ಸಂಬಂಧ?

ಪಿ50 ಎಂದರೆ ಉತ್ಪಾದನೆ ಅದಕ್ಕಿಂತ ಹೆಚ್ಚಾಗುವ ಸಾಧ್ಯತೆ ಅರ್ಧಕ್ಕರ್ಧ. ಪಿ90 ಎಂದರೆ ಅಷ್ಟನ್ನು ಮುಟ್ಟುವ ಸಾಧ್ಯತೆ ಶೇ 90. ಬ್ಯಾಂಕು ಸಾಲ ಕೊಡುವಾಗ ಎಚ್ಚರದಿಂದ ನೋಡುವುದು ಎರಡನೆಯದನ್ನು. ಒಂದು ಸ್ಥಾವರದ ಪಿ50 ವರ್ಷಕ್ಕೆ 100 ಕೋಟಿ ಯೂನಿಟ್ ಇರಲಿ. ಲೆಕ್ಕದ ಒಟ್ಟು ಅನಿಶ್ಚಿತತೆ ಶೇ 10 ಇದ್ದರೆ ಪಿ90 ಸುಮಾರು 87 ಕೋಟಿ ಯೂನಿಟ್. ಒಳ್ಳೆಯ ಅಳತೆಯಿಂದ ಅನಿಶ್ಚಿತತೆ ಶೇ 6ಕ್ಕೆ ಇಳಿದರೆ ಪಿ90 ಸುಮಾರು 92 ಕೋಟಿ. ಗಾಳಿ ಒಂದಿಷ್ಟೂ ಬದಲಾಗಿಲ್ಲ, ಆದರೆ ವರ್ಷಕ್ಕೆ 5 ಕೋಟಿ ಯೂನಿಟ್ಟಿನ ಮೇಲೆ ಸಾಲ ಸಿಗುವಂತಾಯಿತು. ಬಡ್ಡಿ ತಗ್ಗಿದರೆ ಕೊನೆಗೆ ಗ್ರಾಹಕರ ಬಿಲ್ಲೂ ತಗ್ಗುತ್ತದೆ. ಲೈಡಾರಿನ ಬೆಲೆ ದುಬಾರಿ ಎನ್ನುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುವುದು.

ಗಾಳಿಯ ಜತೆ ಉಷ್ಣತೆಯನ್ನೂ ಅಳೀಬೇಕು ಅಂತಾರೆ, ಯಾಕೆ?

ಬಿಸಿಗಾಳಿ ತಂಪು ನೀರಿನ ಮೇಲೆ ಬಂದಾಗ ಕೆಳಗಿನ ಪದರ ಭಾರವಾಗಿ ಕೂರುತ್ತದೆ, ಮೇಲೆ ಕೆಳಗೆ ಬೆರೆಯುವುದು ನಿಲ್ಲುತ್ತದೆ. ಆಗ ಮೇಲಿನ ಗಾಳಿ ನೀರಿನ ಘರ್ಷಣೆಯಿಂದ ಬಿಡಿಸಿಕೊಂಡು ಓಡುತ್ತದೆ, 10 ಮೀಟರಿನಲ್ಲಿ ಮಂದ, 150 ಮೀಟರಿನಲ್ಲಿ ಜೋರು. ಬಾಲ್ಟಿಕ್ ಸಮುದ್ರದಲ್ಲಿ ವಸಂತದಲ್ಲಿ ಹೀಗಾಗಿ ರೆಕ್ಕೆಗಳ ಎತ್ತರದಲ್ಲೇ ವೇಗದ ಹೊನಲು ಕಾಣಿಸಿಕೊಳ್ಳುತ್ತದೆ. ತಂಪುಗಾಳಿ ಬೆಚ್ಚನೆ ನೀರಿನ ಮೇಲೆ ಬಂದರೆ ಎಲ್ಲ ಬೆರೆತು ಎತ್ತರಗಳ ವ್ಯತ್ಯಾಸ ಕುಗ್ಗುತ್ತದೆ. ಮೈಕ್ರೋವೇವ್ ರೇಡಿಯೋಮೀಟರ್ ಎತ್ತರಕ್ಕೆ ತಕ್ಕಂತೆ ಉಷ್ಣತೆಯನ್ನು ದೂರದಿಂದಲೇ ತಿಳಿಸುತ್ತದೆ. ಅದು ಕೈಗೆಟುಕದಿದ್ದರೆ ನೀರಿನ ಮತ್ತು ಗಾಳಿಯ ಉಷ್ಣತೆ ಎರಡನ್ನಾದರೂ ಲೈಡಾರಿನ ಪಕ್ಕದಲ್ಲಿ ಅಳೆಯಬೇಕು.

ಗಾಳಿಯ ತುಯ್ದಾಟವನ್ನ ಲೈಡಾರ್ ಸರಿಯಾಗಿ ಅಳೆಯಲ್ಲ ಅಂತಾರೆ, ನಿಜವಾ?

ನಿಜ. ಕಿರಣ ಸುಮಾರು 20 ಮೀಟರ್ ಉದ್ದದ ಗಾಳಿಯನ್ನು ಒಟ್ಟಿಗೆ ನೋಡುವುದರಿಂದ ಸಣ್ಣ ಸುಳಿಗಳು ಸರಾಸರಿಯಲ್ಲಿ ಕಳೆದುಹೋಗುತ್ತವೆ. ದೂರದೂರದ ಕಿರಣಗಳನ್ನು ಬೆರೆಸುವುದರಿಂದ ದೊಡ್ಡ ಸುಳಿಗಳ ಕಾರಣಕ್ಕೆ, ನಿಜವಾಗಿ ಇಲ್ಲದ ತುಯ್ದಾಟವೂ ಇದ್ದಂತೆ ಕಾಣುತ್ತದೆ. ಈ ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆ ಎಂಬ ಭರವಸೆ ಇಲ್ಲ. ಟರ್ಬೈನಿನ ಆಯುಷ್ಯದ ಲೆಕ್ಕಕ್ಕೆ ತುಯ್ದಾಟ ಬೇಕೇ ಬೇಕಾದ್ದರಿಂದ ಇಂದಿಗೂ ಕಂಬದ ಮೇಲೆ ಬಟ್ಟಲು ತಿರುಗಿಸಿ ಅಳೆಯುವ ಕಪ್ ಅನಿಮೋಮೀಟರ್, ಶಬ್ದದಿಂದ ಅಳೆಯುವ ಸೋನಿಕ್ ಅನಿಮೋಮೀಟರುಗಳಿಗೆ ಕೆಲಸವಿದೆ.

ಟರ್ಬೈನ್ ನಿಂತ ಮೇಲೆ ಇವುಗಳ ಕೆಲಸ ಮುಗೀತಾ?

ಮುಗಿಯುವುದಿಲ್ಲ. ಒಂದು ಟರ್ಬೈನ್ ಗಾಳಿಯ ಶಕ್ತಿ ತೆಗೆದುಕೊಂಡ ಮೇಲೆ ಅದರ ಹಿಂದೆ ಸೊರಗಿದ ಗಾಳಿಯ ಪಟ್ಟಿ ಉಳಿಯುತ್ತದೆ. 2008ರ ಫೆಬ್ರುವರಿಯಲ್ಲಿ ಡೆನ್ಮಾರ್ಕಿನ ಹಾರ್ನ್ಸ್ ರೆವ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಸಾಲು ಸಾಲು ಟರ್ಬೈನುಗಳ ಹಿಂದೆ ಮಂಜಿನ ಬಾಲಗಳು ಎದ್ದಿರುವುದು ಕಾಣುತ್ತದೆ. ಉಪಗ್ರಹದ ರಾಡಾರ್ ಚಿತ್ರಗಳಲ್ಲಿ ಇಡೀ ಸ್ಥಾವರದ ಹಿಂದಿನ ಸೊರಗು ಹತ್ತಾರು ಕಿ.ಮೀ. ಚಾಚಿರುವುದು ಕಂಡಿದೆ. ಸ್ಥಾವರದ ಮುಂದೆಯೂ, ಗಾಳಿ ಅದನ್ನು ತಲುಪುವ ಮೊದಲೇ, ತುಸು ನಿಧಾನವಾಗುತ್ತದೆ, ಸ್ಥಾವರವೇ ಒಂದು ತಡೆಯಾಗುವುದರಿಂದ. ಜಗತ್ತಿನ ಅತಿ ಅನುಭವಿ ಕಂಪನಿಗಳಲ್ಲೊಂದಾದ ಓರ್ಸ್ಟೆಡ್ 2019ರ ಅಕ್ಟೋಬರಿನಲ್ಲಿ, ಈ ಎರಡೂ ಪರಿಣಾಮಗಳನ್ನು ತನ್ನ ಲೆಕ್ಕ ಕಡಿಮೆ ಅಂದಾಜಿಸಿತ್ತು ಎಂದು ಬಹಿರಂಗವಾಗಿ ಪ್ರಕಟಿಸಿತು. ಖಂಭಾತ್ ಮತ್ತು ಮನ್ನಾರಿನಲ್ಲಿ ವಲಯಗಳು ಅಕ್ಕಪಕ್ಕದಲ್ಲಿವೆ. ಒಬ್ಬರ ಸ್ಥಾವರದ ನೆರಳು ಇನ್ನೊಬ್ಬರ ಮೇಲೆ ಬೀಳುವ ಮುನ್ನ, ಗುತ್ತಿಗೆ ಕೊಡುವ ಹಂತದಲ್ಲೇ, ಅಂತರ ಗೊತ್ತು ಮಾಡಬೇಕು.

ನಾನು ಎಂಜಿನಿಯರಿಂಗ್ ಓದ್ತಿದೀನಿ. ದುಡ್ಡು ಖರ್ಚಿಲ್ಲದೆ ಎಲ್ಲಿಂದ ಶುರು ಮಾಡಲಿ?

ಪೈಥಾನ್ ಸ್ವಲ್ಪ ಕಲಿತಿದ್ದರೆ ಸಾಕು. ಕೋಪರ್ನಿಕಸ್ ಹವಾಮಾನ ಭಂಡಾರದಿಂದ ಮಂಗಳೂರು ಕಡಲಿನ ಒಂದು ಚೌಕದ ಇಆರ್‌ಎ5 ದತ್ತಾಂಶದಲ್ಲಿ 100 ಮೀಟರ್ ಎತ್ತರದ ಗಾಳಿಯನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಹತ್ತು ವರ್ಷದ ತಿಂಗಳವಾರು ಸರಾಸರಿ ತೆಗೆಯಿರಿ. ಅದೇ ಜಾಗದ 10 ಮೀಟರ್ ಗಾಳಿಯನ್ನು ಮೋಸ್ಡ್ಯಾಕ್‌ನ ಸ್ಕ್ಯಾಟರೋಮೀಟರ್ ಅಂಕಿಗಳ ಜತೆ ಹೋಲಿಸಿ, ಮಳೆ ಗುರುತು ಇರುವ ದಿನಗಳನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು. ಲೈಡಾರಿನ ಅನುಭವ ಬೇಕಿದ್ದರೆ ಅಮೆರಿಕದ ಇಂಧನ ಇಲಾಖೆ ವರ್ಜೀನಿಯಾ, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಕಡಲುಗಳಲ್ಲಿ ತೇಲಿಬಿಟ್ಟಿದ್ದ ಲೈಡಾರುಗಳ ದತ್ತಾಂಶವನ್ನು ಉಚಿತವಾಗಿ ಇಟ್ಟಿದೆ. ಅದರಲ್ಲಿ ಬಿಟ್ಟುಹೋದ ಅಂಕಿಗಳು ಯಾವ ತಿಂಗಳು, ಯಾವ ಎತ್ತರ, ಎಂಥ ಹವೆಯಲ್ಲಿ ಬಿಟ್ಟುಹೋಗಿವೆ ಎಂದು ಪಟ್ಟಿ ಮಾಡಿ, ಆಮೇಲೆ ಸರಾಸರಿಗೆ ಕೈ ಹಾಕಿ.